ಏನಿದ್ರೂ ಗ್ರೂಪಿನ್ಯಾಗ ಬರೀರಿ

ಬ್ಯಾಡಗಿಯ ತರಬೇತಿಗೆ ಹೊರಡುವ ಮುನ್ನ ಮನೋಹರ ಮಾಸ್ತರರು ಜಿಲ್ಲೆಯ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ ಒಂದು ಸಾಲೇ ಎಲ್ಲಕ್ಕೂ ಮೂಲ: ‘ಉಪನ್ಯಾಸದ ವೇಳೆ ಇಲ್ಲಿ ಅಭಿಪ್ರಾಯ ಬರೆದವರಿಗಷ್ಟೇ ಹಾಜರಿ.’

ಅವರ ವಿಷಯ ‘ಕೇಳುಗರಿಗೆ ಕಿವಿಗೊಡುವ ಕಲೆ’. ಇವತ್ತು ಗೆದ್ದರೆ ಹಾವೇರಿಯಲ್ಲಿ, ಮನೆಯ ಹತ್ತಿರವೇ, ಕಾಯಂ ತರಬೇತುದಾರರು. ಸೋತರೆ ಮತ್ತೆ ಎರಡು ಬಸ್ಸು ಬದಲಿಸಿ ಗಳಗನಾಥದ ಶಾಲೆ. ತೀರ್ಪು ಕೊಡಬೇಕಾದ ಅಧಿಕಾರಿ ಪುಷ್ಪಲತಾ ಮೇಡಂ ಕೊನೆಯ ಸಾಲಿನಲ್ಲಿ ಕೂತಿದ್ದರು.

ಎರಡನೆಯ ವಾಕ್ಯಕ್ಕೇ ಮಾಸ್ತರರ ಕಾಲು ವೈರಿಗೆ ತೊಡರಿ ಮೈಕಿನ ಕೆಂಪು ದೀಪ ಆರಿತು. ಮೇಲೆ ಎಂಟು ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿದ್ದವು. ಅನುಮಾನ ಬಂದು ಗ್ರೂಪಿನಲ್ಲೇ ಕೇಳಿದರು: ‘ಕೇಳಸಾಕತ್ತೈತಿಲ್ರಿ?’

‘ಗುಡಿ ಗಂಟಿ ಹೊಡದಂಗ ಐತ್ರಿ ಸರ!’ ಎಂದು ಯಲ್ಲೇಶ ಬರೆದ. ‘ಖರೇನ, ಕಣ್ಣಾಗ ನೀರು ಬಂದ್ವು’ ಎಂದಳು ಅರುಣಾ. ಹಿಂದೆಯೇ ಪರದೆಯ ಮೇಲೆ ಇಪ್ಪತ್ತು ಜೋಡಿ ಕೈ ಮುಗಿದವು.

ಮುಂದಿನ ಸಾಲಿನಲ್ಲಿ ಹಿರಿಯ ಶಂಕ್ರಪ್ಪ ಮಾಸ್ತರರು ಕಿವಿಗೆ ಅಂಗೈ ಹಚ್ಚಿ ಬಾಗಿದರು. ಇದಲ್ಲವೇ ಕಿವಿಗೊಡುವುದು ಎಂದು ಮನೋಹರರ ಎದೆ ತುಂಬಿತು. ಶಂಕ್ರಪ್ಪ ಎದ್ದೇ ನಿಂತರು.

“ಏ ಮನೋಹರ, ಒಂದಕ್ಷರ ಕೇಳಸವಲ್ದೋ ಮಾರಾಯ!”

“ಕುಂದರ್ರಿ ಸರ. ಏನಿದ್ರೂ ಗ್ರೂಪಿನ್ಯಾಗ ಬರೀರಿ.”

“ಹೆಂಗ ಬರೀಲೋ? ನನ್ನ ಮೊಬೈಲು...”

“ಗ್ರೂಪಿನ್ಯಾಗ್ರಿ, ಗ್ರೂಪಿನ್ಯಾಗ!”

ಸಭೆಯೆಲ್ಲ ಇಲ್ಲ ಇಲ್ಲವೆಂದು ಕೈ ಬೀಸಿತು. ಮಾಸ್ತರರು ತಲೆ ತಗ್ಗಿಸಿ ಪರದೆ ನೋಡಿದರು. ‘ಇನ್ನೊಂದ್ ತಾಸು ಹೇಳ್ರಿ ಸರ’ ಎಂದಿತ್ತು. ಕೇಳುಗರ ಮಾತು ಮೀರುವುದುಂಟೆ? ಹೇಳಿದರು.

ಮುಗಿದಾಗ ಸಭೆ ಚಪ್ಪಾಳೆ ಹೊಡೆಯಲಿಲ್ಲ. ಫೋನಿನ ತುಂಬ ಚಪ್ಪಾಳೆ. ಅದನ್ನೇ ಹಿಡಿದು ಮೇಡಂ ಬಳಿ ನಡೆದರು. ಅಷ್ಟರಲ್ಲಿ ಸಿಪಾಯಿ ಗೂಡುಸಾಬ ಮೆಣಸಿನಕಾಯಿ ಹೊರುವ ಬುಟ್ಟಿಯೊಂದನ್ನು ತಂದು ನಡುವೆ ಇಟ್ಟ.

“ಬಾಗಲದಾಗ ಇಸಗೊಂಡ ಮೊಬೈಲು, ನಿಮ್ಮ ನಿಮ್ಮವು ತಗೋರಿ. ಮೇಡಂ ಆರ್ಡರ್ ಅಂತ ಒಂದೂ ಬಿಟ್ಟಿಲ್ಲ. ಎರಡು ತಾಸಿಂದ ಜೇನುಗೂಡಿನಂಗ ಗುಂಯ್ ಅನ್ನಾಕತ್ತಾವ!”

ಹಿಂಬಾಗಿಲಿನಿಂದ ನೇರ ವೇದಿಕೆಗೆ ಬಂದಿದ್ದ ಮನೋಹರರು ಬುಟ್ಟಿ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು. ಸಭೆಯಲ್ಲಿ ಯಾರ ಬಳಿಯೂ ಫೋನಿರಲಿಲ್ಲವೆಂದರೆ, ಹೊಗಳಿದವರು?

ಮೇಡಂ ಆ ಫೋನು ಇಸಿದುಕೊಂಡು ಹೊಗಳಿದವರ ಹೆಸರುಗಳನ್ನು ಶಾಂತವಾಗಿ ಓದಿದರು.

“ಯಲ್ಲೇಶ, ಅರುಣಾ... ಇವರೆಲ್ಲಾ ಗಳಗನಾಥದ ಸಾಲಿಯವರು. ಇವತ್ತ ಬ್ಯಾಡಗಿಗೆ ಬಂದೇ ಇಲ್ಲ. ಇಲ್ಲಿ ಕುಂತವರಿಗೆ ಒಂದಕ್ಷರ ಕೇಳಲಿಲ್ಲ ಮಾಸ್ತರ, ಆದ್ರ ನಿಮ್ಮ ಧ್ವನಿ ಗಳಗನಾಥಕ್ಕ ಗುಡಿ ಗಂಟಿ ಹೊಡದಂಗ ಮುಟ್ಟೇತಿ. ಸೋಮವಾರದಿಂದ ಅಲ್ಲೇ ಪಾಠ ಮಾಡ್ರಿ.”

ಮಾಸ್ತರರ ಕೈಯಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಬುಟ್ಟಿಯಿಂದ ತಮ್ಮ ಮೊಬೈಲು ಹುಡುಕಿಕೊಂಡ ಶಂಕ್ರಪ್ಪನವರು ನಿಯಮದಂತೆ ಹಾಜರಿ ಹಾಕಿದ್ದರು:

‘ಒಂದಕ್ಷರ ಕೇಳಸವಲ್ದು.’