ಮೂರು ಊರಿಗೆ ಮೂರು ಮಣೆ

ಕೆಲವರಿಗೆ ಫಜೀತಿ ದಾರಿಯಲ್ಲಿ ಎದುರಾಗುತ್ತದೆ. ನನ್ನಂಥವರ ಮನೆಯ ಬಾಗಿಲಿಗೇ ಬರುತ್ತದೆ, ನಾವು ಕೈಮುಗಿದು ಒಳಗೆ ಕರೆಯುತ್ತೇವೆ.

ಮೂವತ್ತೊಂದು ವರ್ಷ ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ನಿದ್ದೆ ಹೋದವರನ್ನು ಎಬ್ಬಿಸಿ ಅವರವರ ಊರಿನಲ್ಲಿ ಇಳಿಸಿದ್ದೇನೆ. ಟಿಕೆಟಿನ ಚೀಲದಲ್ಲಿ ಒಂದು ಸಣ್ಣ ಗಣಪತಿ ಪಟ ಇಟ್ಟುಕೊಂಡು, ಮೊದಲ ಟಿಕೆಟ್ ಕೊಡುವ ಮುಂಚೆ ಅದನ್ನು ಕಣ್ಣಿಗೊತ್ತಿಕೊಳ್ಳದ ದಿನವಿಲ್ಲ. ಆದರೂ ಕೆಲಸದಿಂದ ನಿವೃತ್ತನಾಗುವ ತಿಂಗಳು ಬಂದಾಗ ನಾನು ಇಳಿಯಬೇಕಾದ ಊರು ಯಾವುದು ಎಂದು ನನಗೇ ತಿಳಿಯಲಿಲ್ಲ.

ಹೊನ್ನಾವರದಲ್ಲಿ ನಾವಿದ್ದದ್ದು ಬಾಡಿಗೆ ಮನೆ. ಯಜಮಾನರು ಒಳ್ಳೆಯವರು. ಮಗನ ಮದುವೆ ಗೊತ್ತಾಗಿದೆ, ಚೌತಿಯೊಳಗೆ ಮನೆ ಬಿಟ್ಟುಕೊಡಿ ಎಂದು ವಿನಯದಿಂದಲೇ ಕೇಳಿದರು. ಗಂಡ ಹೆಂಡತಿ ಇಬ್ಬರು ಎಲ್ಲಿ ಬೇಕಾದರೂ ಇರಬಹುದು. ಚೌತಿಯ ದಿನ ಗಣಪತಿಯನ್ನು ಎಲ್ಲಿ ಕೂರಿಸುವುದು? ನಮ್ಮ ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪಿದ್ದಿಲ್ಲ.

ಬಸ್ಸಿನೊಳಗಿನ ಸಭೆ

ನನ್ನ ಚಿಂತೆಯನ್ನು ಡ್ರೈವರ್ ಒಬ್ಬನಿಗೇ ಹೇಳಿದ್ದೆ. ಅವನು ಬಸ್ಸಿಗೇ ಹೇಳಿದ.

"ನಮ್ಮ ಕಂಡಕ್ಟ್ರು ರಿಟೈರ್ ಆಗ್ತಾ ಇದ್ದಾರೆ. ಇರೂಕೆ ಒಳ್ಳೇ ಊರು ಬೇಕಂತೆ. ಗೊತ್ತಿದ್ದವರು ಹೇಳಿ ಮಾರಾಯ್ರೆ!"

ಹಿಂದಿನ ಸೀಟಿನಿಂದ ಬೆಳಕೆಯ ಮೀನು ಮಾರುವ ಅಕ್ಕ ಎದ್ದು ನಿಂತಳು. "ನಮ್ಮ ಬೆಳಕೆಗೆ ಬನ್ನಿ. ನಮ್ಮ ಪಕ್ಕದ ಮನೆ ಖಾಲಿ ಉಂಟು. ಎಂಥ ಸೆಕೆ ಇದ್ದರೂ ಫ್ಯಾನ್ ಬೇಡ, ಗಾಳಿ ಹಂಗೆ ಬರ್ತದೆ."

"ಗಾಳಿ ತಿಂದು ಇರೂಕೆ ಆಗ್ತದನಾ?" ಎಂದರು ಹೊಳನಗದ್ದೆಯ ಮೇಷ್ಟ್ರು. "ನಮ್ಮಲ್ಲಿ ಗದ್ದೆ ಬಯಲು, ಕಣ್ಣಿಗೆ ತಂಪು. ಕುಮಟಾ ಆಸ್ಪತ್ರೆ ಹತ್ರ."

ಅಷ್ಟರಲ್ಲಿ ಕರ್ಕಿಯ ಹಿರಿಯರೊಬ್ಬರು ಕೊಡೆಯ ತುದಿಯಿಂದ ನೆಲ ಕುಟ್ಟಿದರು. ಅವರ ಕೊಡೆ ನೆಲ ಕುಟ್ಟಿತೆಂದರೆ ಬೇರೆಯವರು ಬಾಯಿ ಮುಚ್ಚಬೇಕು. "ಊರು ಅಂದ್ರೆ ಕರ್ಕಿ. ದೇವರು, ಯಕ್ಷಗಾನದ ಆಟ, ತಾಳಮದ್ದಳೆ. ಇದಕ್ಕಿಂತ ಎಂತ ಬೇಕು ಮನುಷ್ಯನಿಗೆ?" ಎಂದು ಶುರುಮಾಡಿದವರು ಕರ್ಕಿಯ ಗಾಳಿ, ನೀರು, ಜನ, ಹಲಸಿನಕಾಯಿ ಎಲ್ಲವನ್ನೂ ಹೊಗಳಿದರು. ನಾನು ಕೇಳುತ್ತ ಕೇಳುತ್ತ ಸೀಟಿ ಊದುವುದನ್ನೇ ಮರೆತೆ. ಅವರಿಗೆ ಎಚ್ಚರವಾದದ್ದು ಬಸ್ಸು ಕರ್ಕಿ ದಾಟಿ ಹಳದೀಪುರದಲ್ಲಿ ನಿಂತಾಗ.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಬ್ಬರನ್ನು ಊರು ದಾಟಿಸಿಬಿಟ್ಟಿದ್ದೆ. ನಾಚಿಕೆಯಿಂದ ಕೈಮುಗಿದೆ. ಹಿರಿಯರು ಸೋಲುವವರಲ್ಲ. ಇಳಿಯುತ್ತ ಹೇಳಿದರು: "ಕಂಡ್ರಾ ಕಂಡಕ್ಟ್ರೆ? ನಮ್ಮ ಊರು ಎಷ್ಟು ಶಾಂತ ಅಂದ್ರೆ ಬಂದದ್ದೇ ಗೊತ್ತಾಗೂದಿಲ್ಲ!"

ಬೆಳಕೆಯ ಸಮುದ್ರ

ಜೂನ್ ಮೊದಲ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಅಂಗಿ ಬೆನ್ನಿಗೆ ಅಂಟುವ ಸೆಕೆ. ನಾನೂ ನಮ್ಮ ಮನೆಯವಳೂ ಬೆಳಕೆಗೆ ಹೋದೆವು. ಮೀನಿನ ಅಕ್ಕ ಹೇಳಿದ್ದು ಸುಳ್ಳಲ್ಲ, ಗಾಳಿ ಒಳ್ಳೆಯದೇ ಇತ್ತು. ನಮ್ಮ ಮನೆಯವಳು ಬಾವಿಯ ನೀರು ಸೇದಿ ಕುಡಿದು, "ಉಪ್ಪಿಲ್ಲ, ಸಿಹಿ ಉಂಟು" ಎಂದಳು. ಅವಳು ಮನೆ ನೋಡುವುದು ಬಾವಿಯಿಂದ. ನಾನು ನೋಡುವುದು ದೇವರ ಮೂಲೆಯಿಂದ. ಅದೂ ಪೂರ್ವಕ್ಕೇ ಇತ್ತು.

ಎಲ್ಲ ಸರಿ ಎಂದಾಗಲೇ ನನಗೆ ಭಯ ಹುಟ್ಟುವುದು. ತೆಂಗಿನ ಮರಗಳ ಆಚೆ ಸಮುದ್ರದ ಸದ್ದು ಕೇಳುತ್ತಿತ್ತು. ಅಕ್ಕನ ಅತ್ತೆ ಜಗಲಿಯಲ್ಲಿ ಕೂತು ಬಲೆಗೆ ಹೊಲಿಗೆ ಹಾಕುತ್ತಿದ್ದಳು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಅಮ್ಮ, ಇಲ್ಲಿಂದ ಸಮುದ್ರ ಎಷ್ಟು ದೂರ?"

ಮುದುಕಿ ಬಲೆಯಿಂದ ತಲೆ ಎತ್ತಲಿಲ್ಲ.

"ಯಾವ ತಿಂಗಳದ್ದು ಹೇಳ್ಲಿ?"

ನಿಂತ ನಿದ್ದೆ

ಹೊಳನಗದ್ದೆಯ ಮೇಷ್ಟ್ರು ಊಟಕ್ಕೇ ಕರೆದರು. ಅವರ ಮನೆಗೆ ತಾಗಿಯೇ ಇನ್ನೊಂದು ಸಣ್ಣ ಮನೆ, ಅದನ್ನೇ ನಮಗೆ ಕೊಡುವುದು ಅವರ ಮನಸ್ಸು. ಸುತ್ತ ಗದ್ದೆ, ನಾಲ್ಕು ಮನೆ, ಒಂದು ಕೊಕ್ಕರೆ. ಉಂಡು ಮುಗಿದ ಮೇಲೆ ಮೇಷ್ಟ್ರು ಚಾಪೆ ಹಾಸಿ, "ಒಂದು ಗಳಿಗೆ ಅಡ್ಡಾಗಿ. ಈ ಶಾಂತಿ ಬೇರೆಲ್ಲೂ ಸಿಗೂದಿಲ್ಲ" ಎಂದರು. ಅವರ ತೊಂಬತ್ತರ ಹತ್ತಿರದ ತಾಯಿ ಆಗಲೇ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು.

ನಾನು ಅಡ್ಡಾದೆ. ನಿದ್ದೆ ಬರಲಿಲ್ಲ. ನೆಲ ಅಲ್ಲಾಡುತ್ತಿರಲಿಲ್ಲ. ಇಂಜಿನ್ನಿನ ಸದ್ದಿಲ್ಲ, ಹಾರನ್ ಇಲ್ಲ. ಇಷ್ಟು ಶಾಂತಿಯಲ್ಲಿ ನನಗೆ ಏನಾದರೂ ಆದರೆ ಕೂಗುವವರು ಯಾರು ಎಂಬ ಯೋಚನೆ ಹತ್ತಿತು. ಎದ್ದು ಜಗಲಿಯ ಕಂಬ ಹಿಡಿದು ನಿಂತೆ. ನಿಂತದ್ದೇ ತಡ, ಎಂಥ ಸುಖದ ನಿದ್ದೆ! ಬಸ್ಸಿನ ಕಂಬ ಹಿಡಿದು ಕಣ್ಣು ಮುಚ್ಚಿದ ಅಭ್ಯಾಸ ಎಲ್ಲಿಗೆ ಹೋಗಬೇಕು?

ನಿದ್ದೆಯಲ್ಲಿ ನಾನು ಗಟ್ಟಿಯಾಗಿ ಕೂಗಿದೆನಂತೆ: "ಹೊಳನಗದ್ದೆ! ಹೊಳನಗದ್ದೆ ಇಳಿಯೋರು ಬೇಗ ಬನ್ನಿ!"

ಕಣ್ಣು ಬಿಟ್ಟಾಗ ಮೇಷ್ಟ್ರ ತಾಯಿ ಸೆರಗು ಸರಿಮಾಡಿಕೊಂಡು, ಎಲೆಅಡಿಕೆ ಚೀಲ ಕಂಕುಳಲ್ಲಿ ಇರುಕಿಕೊಂಡು, ಜಗಲಿಯ ಮೆಟ್ಟಿಲ ಹತ್ತಿರ ನಿಂತಿದ್ದರು. "ತಡೀ ಮಾರಾಯ, ಸೀಟಿ ಊದಬೇಡ. ಇಳೀತೆ ಇದ್ದೇನೆ" ಎನ್ನುತ್ತಿದ್ದರು.

ಮರಳುವಾಗ ನಮ್ಮ ಮನೆಯವಳು ಬಸ್ ಸ್ಟ್ಯಾಂಡಿನಲ್ಲಿ ಕೇಳಿದಳು: "ಅಲ್ದ್ರಾ, ಅಜ್ಜಿಗೆ ಟಿಕೆಟ್ ಕೊಟ್ಟಿದ್ರಾ?"

ಗಲಾಟೆ ಇಲ್ಲದ ಮನೆ

ಕರ್ಕಿಯ ಮನೆ ಹಳೆಯದು. ದೊಡ್ಡ ಕೋಣೆಗಳಿಲ್ಲ, ಆದರೆ ಉದ್ದನೆಯ ಜಗಲಿ. ಹಿಂದೆ ಅಲ್ಲಿ ತಾಳಮದ್ದಳೆ ನಡೆಯುತ್ತಿತ್ತಂತೆ, ಇಪ್ಪತ್ತು ಜನ ಸಾಲಾಗಿ ಕೂರಬಹುದು. ಕೊಡೆಯ ಹಿರಿಯರೇ ಬೀಗದ ಕೈ ತಂದು ತೋರಿಸಿದರು. ಬಾವಿಯ ನೀರು ಪರೀಕ್ಷೆಯಲ್ಲಿ ಪಾಸಾಯಿತು.

"ಸುತ್ತಮುತ್ತ ಗಲಾಟೆ ಎಂತ ಇಲ್ಲ ಅಲ್ದಾ?" ಎಂದು ಕೇಳಿದೆ.

"ಛೆ ಛೆ, ಎಂತ ಗಲಾಟೆ?" ಎಂದು ಅವರು ಹೇಳುತ್ತಿರುವಾಗಲೇ ಪಕ್ಕದ ಮನೆಯಲ್ಲಿ ಚಂಡೆ ಶುರುವಾಯಿತು. ಮಾಡಿನ ಹಂಚಿನ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ನಮ್ಮ ಮನೆಯವಳು ಕಿವಿ ಮುಚ್ಚಿದಳು. ಹಿರಿಯರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಹದಿನೈದು ನಿಮಿಷದ ನಂತರ ಚಂಡೆ ನಿಂತಿತು. ನಾನು, "ಇದು..." ಎಂದೆ.

"ಇದಾ? ಇದು ಗಲಾಟೆ ಅಲ್ಲ, ಅಭ್ಯಾಸ" ಎಂದರು. "ಗಲಾಟೆ ಕೇಳಬೇಕಾದ್ರೆ ಆಟದ ದಿನ ಬರಬೇಕು!"

ಬಲಗಡೆಯ ಹೂ

ಶ್ರಾವಣ ಬಂತು. ಮನೆ ಬಿಡುವ ದಿನ ಹತ್ತಿರವಾಯಿತು. ಮೂರೂ ಊರಿನವರು ಕೇಳುತ್ತಿದ್ದರು, ನಾನು ಮೂವರಿಗೂ "ಹೇಳ್ತೆ, ಹೇಳ್ತೆ" ಎನ್ನುತ್ತಿದ್ದೆ. ಕಡೆಗೆ ಅಮ್ಮನವರ ದೇವಸ್ಥಾನಕ್ಕೆ ಪ್ರಸಾದ ಕೇಳಲು ಹೋದೆವು.

ನಮ್ಮ ಕಡೆ ಸಂಶಯ ಬಂದವರು ಹೀಗೆ ದೇವರನ್ನು ಕೇಳುವುದುಂಟು. ಒದ್ದೆ ಮಾಡಿದ ಹೂವಿನ ಎಸಳುಗಳನ್ನು ದೇವರ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಬಲಗಡೆಯದು ಉದುರಿದರೆ ಆಗಬಹುದು, ಎಡಗಡೆಯದು ಉದುರಿದರೆ ಬೇಡ.

ನಮ್ಮ ಮನೆಯವಳು ಕಂಬದ ಹತ್ತಿರ ಕಣ್ಣು ಮುಚ್ಚಿ ನಿಂತು ತನ್ನಷ್ಟಕ್ಕೆ ಏನೋ ಬೇಡಿಕೊಳ್ಳುತ್ತಿದ್ದಳು. ನಾನು ಕೇಳಿದೆ: "ತಾಯಿ, ಬೆಳಕೆ ಆಗಬಹುದಾ?" ಎರಡು ನಿಮಿಷ ಕಳೆಯಲಿಲ್ಲ, ಬಲಗಡೆಯ ಹೂ ಉದುರಿತು.

"ಆತಲ್ಲ! ಹೋಗಿ ಪಾತ್ರೆ ಪರಡಿ ಕಟ್ಟಿ" ಎಂದರು ಪೂಜೆಯ ಭಟ್ಟರು.

ನನಗೆ ಸಮಾಧಾನವಾಗಲಿಲ್ಲ. ಕರ್ಕಿಯನ್ನು ಕೇಳದೆ ಹೋದರೆ ಕರ್ಕಿಗೆ ಅನ್ಯಾಯವಲ್ಲವೇ? "ಭಟ್ರೆ, ಇನ್ನೊಂದು ಸಲ" ಎಂದೆ. ಕರ್ಕಿಗೂ ಬಲ. "ಭಟ್ರೆ, ಫ್ಯಾನಿನ ಗಾಳಿಗೆ ಬಿತ್ತಾ ಏನೋ" ಎಂದು ಫ್ಯಾನ್ ನಿಲ್ಲಿಸಿ ಹೊಳನಗದ್ದೆಯನ್ನು ಕೇಳಿದೆ. ಸೆಕೆಯಲ್ಲಿ ಭಟ್ಟರ ಮೈಯಿಂದ ನೀರಿಳಿಯುತ್ತಿತ್ತು. ಅದಕ್ಕೂ ಬಲಗಡೆಯ ಹೂವೇ ಉದುರಿತು.

"ಹಂಗಂದ್ರೆ ಎಂತ ಅರ್ಥ ಭಟ್ರೆ?" ನನ್ನ ಧ್ವನಿ ಅಳುವಂತಾಗಿತ್ತು.

ಭಟ್ಟರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. "ನೀವು ಎಲ್ಲಿದ್ದರೂ ಅಮ್ಮನಿಗೆ ತೊಂದರೆ ಇಲ್ಲ ಅಂತ ಅರ್ಥ. ತೊಂದರೆ ಕೊಡ್ತಾ ಇರೂದು ನೀವು. ಫ್ಯಾನ್ ಹಾಕಿ ಮಾರಾಯ್ರೆ!"

ಮಣೆ ಎಲ್ಲಿ?

ಇನ್ನು ಹೇಳುವುದು ನನ್ನ ಬುದ್ಧಿಯ ಕಥೆ.

ಚೌತಿಗೆ ಗಣಪತಿ ತರುವವರು ನಮ್ಮ ಕಡೆ ತಿಂಗಳ ಮೊದಲೇ ತಮ್ಮ ಮನೆಯ ಮಣೆಯೊಂದನ್ನು ಗಣಪತಿ ಮಾಡುವವರಿಗೆ ಕೊಟ್ಟು ಬರುತ್ತಾರೆ. ಅಡಿಯಲ್ಲಿ ಹೆಸರು, ಊರು ಬರೆದಿರುತ್ತದೆ. ಮೂರ್ತಿ ಆ ಮಣೆಯ ಮೇಲೆಯೇ ತಯಾರಾಗುತ್ತದೆ. ಆಮೇಲೆ ಆ ಗಣಪತಿ ಆ ಮನೆಯವರದ್ದು. ಬೇಡ ಎಂದು ಬಿಟ್ಟು ಬರುವ ಹಾಗಿಲ್ಲ.

ಅಮ್ಮನವರು ಮೂರೂರಿಗೂ ಹೂಂ ಎಂದಿದ್ದಾರೆ. ಕೊನೆ ಗಳಿಗೆಯಲ್ಲಿ ಯಾವ ಊರೋ ಯಾರಿಗೆ ಗೊತ್ತು? ಮನೆ ತಪ್ಪಿದರೂ ಚೌತಿ ತಪ್ಪಬಾರದು. ಹೀಗೆ ಯೋಚಿಸಿ ನಾನು ಬೆಳಕೆಗೆಂದು ಒಂದು ಮಣೆಯನ್ನು ಭಟ್ಕಳದಲ್ಲಿ, ಕರ್ಕಿಗೆಂದು ಒಂದನ್ನು ಹೊನ್ನಾವರದಲ್ಲಿ, ಹೊಳನಗದ್ದೆಗೆಂದು ಒಂದನ್ನು ಕುಮಟಾದಲ್ಲಿ ಕೊಟ್ಟು ಬಂದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಬೈಯುತ್ತಾಳೆ ಎಂಬ ಭಯ. ಬೈಯದೆ ಸುಮ್ಮನಾದರೆ ಎಂಬ ಭಯ ಇನ್ನೂ ದೊಡ್ಡದು.

ಅವಳು ಒಂದು ದಿನ ಕೇಳಿದಳು: "ಊಟದ ಮಣೆ ಎಲ್ಲ ಎಂತ ಆತು? ನನ್ನ ಮದುವೇಲಿ ಕೊಟ್ಟದ್ದೂ ಕಾಣೂದಿಲ್ಲ."

"ಸಾಮಾನು ಕಟ್ಟುವಾಗ ಎಲ್ಲೋ ಸೇರಿದೆ" ಎಂದೆ. ಮಂಡಿನೋವಿನ ಹೆಂಗಸು ಎರಡು ವಾರ ಬರಿ ನೆಲದಲ್ಲಿ ಕೂತು ಉಂಡಳು. ದೇವರು ನನ್ನನ್ನು ಕ್ಷಮಿಸಲಿ.

ಚೌತಿಗೆ ಎಂಟು ದಿನ ಇರುವಾಗ ಹೊನ್ನಾವರದ ಗಣಪತಿ ಮಾಡುವವರು ಫೋನ್ ಮಾಡಿದರು. ನಾನು ಬಚ್ಚಲಲ್ಲಿದ್ದೆ, ಅವಳು ಎತ್ತಿದಳು. "ಅಕ್ಕ, ಮಣೆಯಲ್ಲಿ ಊರಿನ ಹೆಸರು ಬರೆದು ಅಳಿಸಿದ್ದಾರೆ. ಎಲ್ಲಿಗೆ ಕಳಿಸಬೇಕು?" ಅರ್ಧ ಗಂಟೆಯಲ್ಲಿ ಕುಮಟಾದ ಫೋನು. ಊಟದ ಹೊತ್ತಿಗೆ ಭಟ್ಕಳದ್ದು. ಅದನ್ನು ನಾನೇ ಎತ್ತಿದೆ, ಅವಳು ಎದುರಿಗೇ ನಿಂತಿದ್ದಳು. ಆಚೆಯಿಂದ ಗಟ್ಟಿ ಧ್ವನಿ: "ಗಣಪತಿ ಒಣಗಿ ಬಣ್ಣ ಆತು ಕಂಡಕ್ಟ್ರೆ. ನಿಮ್ಮ ಮನಸ್ಸು ಮಾತ್ರ ಇನ್ನೂ ಹಸಿ ಉಂಟಲ್ಲ!"

ಅವಳು ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬೆಳಕೆಯ ಮನೆಯ ದೇವರ ಮೂಲೆಯಲ್ಲಿ ಎಷ್ಟು ಗಣಪತಿ ಕೂರ್ತದೆ?"

"ಒಂದು."

"ಹೊಳನಗದ್ದೆಯಲ್ಲಿ?"

"ಒಂದು. ಒತ್ತಿ ಕೂರಿಸಿದ್ರೆ ಒಂದೂವರೆ."

"ಕರ್ಕಿ ಜಗಲಿಯಲ್ಲಿ ಇಪ್ಪತ್ತು ಜನ ಕೂರ್ತಿದ್ರಂತೆ. ಹೊರಡಿ."

ಮೂರು ತಿಂಗಳು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ ಇಷ್ಟರಲ್ಲಿ ಮುಗಿಯಿತು.

ನಮ್ಮ ಹಳೆಯ ಡ್ರೈವರ್ ಯಾರದೋ ಟೆಂಪೋ ತಂದ. ಭಟ್ಕಳದಿಂದ ಒಂದು, ಹೊನ್ನಾವರದಿಂದ ಒಂದು, ಕುಮಟಾಕ್ಕೆ ಹೋಗಿ ಇನ್ನೊಂದು. ಮುಖಕ್ಕೆ ಬಟ್ಟೆ ಮುಚ್ಚಿದ ಮೂರು ಗಣಪತಿಗಳ ನಡುವೆ ನಾನು ಕಂಬಿ ಹಿಡಿದು ನಿಂತೆ. "ಕಂಡಕ್ಟ್ರೆ, ನಿಮ್ಮ ಸರ್ವೀಸಿನಲ್ಲಿ ಗಲಾಟೆ ಮಾಡದ ಪ್ಯಾಸೆಂಜರ್ ಇವರೇ ಮೊದಲಲ್ದಾ?" ಎಂದ ಡ್ರೈವರ್.

ಚೌತಿಯ ದಿನ ಕರ್ಕಿಯ ಜಗಲಿಯಲ್ಲಿ ಮೂವರೂ ಸಾಲಾಗಿ ಕೂತರು. ಊರೆಲ್ಲ ನೋಡಲು ಬಂತು. ಕೊಡೆಯ ಹಿರಿಯರು ಕೈಮುಗಿದು ಕೇಳಿದರು: "ಮೂರು ಗಣಪತಿ! ಎಂತ ಹರಕೆ ಇತ್ತು?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವಳು ಹೇಳಿದಳು: "ನಡುವಿಂದು ಮನೇದು. ಆಚೀಚೆ ಎರಡು ಇವರ ಸಂಶಯದ್ದು."

ಹಿರಿಯರು ನಗಲಿಲ್ಲ. ಕೊಡೆ ನೆಲಕ್ಕೆ ಕುಟ್ಟಿದರು. "ಯಾರದ್ದೇ ಆಗಲಿ. ಒಂದು ಜಗಲಿಯಲ್ಲಿ ಮೂರು ಕೂರಿಸಿದ ಮೇಲೆ ಐದು ವರ್ಷ ಅದೇ ಜಗಲಿಯಲ್ಲಿ ನಡೆಸಬೇಕು. ನಡುವೆ ಬಿಡೂ ಹಂಗಿಲ್ಲ."

ಐದು ವರ್ಷ! ನಾನು ಕೇಳಿದೆ: "ಬೇರೆ ಮನೆ ನೋಡೂ ಹಂಗೂ ಇಲ್ವಾ?"

"ನೋಡಬಹುದು. ಹೋಗೂ ಹಂಗಿಲ್ಲ."

ನಮ್ಮ ಮನೆಯವಳ ಮುಖ ಅರಳಿತು. ನಡುವಿನ ಗಣಪತಿಯ ಪಾದಕ್ಕೆ ಒಂದು ಹಿಡಿ ಗರಿಕೆ ಹಾಕಿ ನನ್ನ ಕಡೆ ತಿರುಗಿದಳು. "ಅಮ್ಮನವರ ಹತ್ರ ಅವತ್ತು ನೀವು ಮೂರು ಊರು ಕೇಳಿದ್ರಿ. ನಾನು ಒಂದೇ ಕೇಳಿದ್ದು. ಯಾವ ಊರಾದ್ರೂ ಆತು ತಾಯಿ, ಇವರನ್ನ ಒಂದು ಕಡೆ ಕೂರ್ಸು ಅಂತ."

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಚಂಡೆ ಶುರುವಾಯಿತು. ನಾನು ಬೆಚ್ಚಿ ಎದ್ದು ಕಂಬ ಹಿಡಿದೆ.

"ಕೂತ್ಕೊಳ್ರಿ!" ಎಂದಳು.

ಕೂತೆ, ಬರಿ ನೆಲದಲ್ಲಿ. ಮನೆಯಲ್ಲಿ ಇದ್ದ ಮೂರು ಮಣೆಯ ಮೇಲೂ ದೇವರು ಕೂತಿದ್ದ.