ನನ್ನ ಹಿಂದೆ ನಿಂತ ಹತ್ತೊಂಬತ್ತು ಮಂದಿ

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗ ಸಿಗುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಈ ಗಾದೆ ಗಂಡಸರಿಗೆ ಅನ್ವಯಿಸುವುದಿಲ್ಲ ಎಂದುಕೊಂಡು ನಾನು ನಲವತ್ತನಾಲ್ಕು ವರ್ಷ ನೆಮ್ಮದಿಯಾಗಿದ್ದೆ. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವುದು ನನ್ನ ಹುಟ್ಟುಗುಣ. ನೈರೋಬಿಗೆ ಬಂದ ಹೊಸದರಲ್ಲಿ ಒಂದೇ ಭಾನುವಾರ ಎರಡು ಮನೆಯ ಊಟ ಒಪ್ಪಿಕೊಂಡು, ಎರಡೂ ಕಡೆ ಹೋಳಿಗೆ ತಿಂದು, ಮಂಗಳವಾರದವರೆಗೆ ಬರಿ ಮಜ್ಜಿಗೆಯಲ್ಲಿದ್ದೆ. ಹೊಟ್ಟೆ ಹೇಗೋ ಎರಡು ಊಟ ತಡೆದುಕೊಂಡೀತು. ಒಂದು ವೋಟು ಇಬ್ಬರು ಅಭ್ಯರ್ಥಿಗಳನ್ನು ತಡೆದುಕೊಳ್ಳುವುದಿಲ್ಲ. ಇದು ನನಗೆ ತಿಳಿದದ್ದು ಎಂಬತ್ತರ ದಶಕದ ಕೊನೆಯಲ್ಲಿ, ನಾವಿದ್ದ ಸೌತ್ ಸಿ ಬಡಾವಣೆಯ ಶಾಲೆಯೊಂದರ ಮೈದಾನದಲ್ಲಿ, ಹಾಡುಹಗಲಲ್ಲಿ.

ಆಗ ನಾನು ಅಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಹೆಂಡತಿ ಸರೋಜ ಡಾಕ್ಟರು. ಇಬ್ಬರೂ ಆ ದೇಶದ ಪೌರರಾಗಿ, ಪಕ್ಷದ ಕಾರ್ಡು ಮಾಡಿಸಿಕೊಂಡಿದ್ದೆವು. ಯಾವ ಪಕ್ಷ ಎಂದು ಕೇಳಬೇಡಿ, ಇದ್ದದ್ದೇ ಒಂದು. ಒಂದೇ ಪಕ್ಷವಿದ್ದರೆ ಜಗಳ ಇರುವುದಿಲ್ಲ ಎಂದು ನಾನು ನಂಬಿದ್ದೆ. ಒಂದೇ ಬಚ್ಚಲಿರುವ ಮನೆಯಲ್ಲಿ ಬೆಳೆದವನು ಹಾಗೆ ನಂಬಬಾರದಿತ್ತು. ನಗರಕ್ಕೆ ಆಗ ಚುನಾಯಿತ ಸದಸ್ಯರಿರಲಿಲ್ಲ. ಮೇಲಿನಿಂದ ನೇಮಕವಾದ ಕಮಿಷನರುಗಳದೇ ಆಡಳಿತ. ಮನೆ ಕಂದಾಯದ ಚೀಟಿ ತಪ್ಪದೆ ಬರುತ್ತಿತ್ತು. ನಮ್ಮ ಬೀದಿಗೆ ಕಸದ ಲಾರಿ ಮಾತ್ರ ಗ್ರಹಣದ ಹಾಗೆ ಯಾವಾಗಲೋ ಒಮ್ಮೆ ಕಾಣಿಸುತ್ತಿತ್ತು. ಹೋಗಿ ಕೇಳಬೇಕಾದವರು ಪಕ್ಷದ ಸ್ಥಳೀಯ ಶಾಖೆಯ ಅಧ್ಯಕ್ಷರು. ಆ ಕುರ್ಚಿಗೆ ಚುನಾವಣೆ ಬಂತು.

ನನಗೆ ಗೊತ್ತಿದ್ದ ಚುನಾವಣೆ ಎಂದರೆ ನಮ್ಮ ಕನ್ನಡ ಕೂಟದ್ದು. ಸಭೆಗೆ ಯಾರು ಎಲ್ಲರಿಗಿಂತ ತಡವಾಗಿ ಬರುತ್ತಾರೋ ಅವರನ್ನು ಅಧ್ಯಕ್ಷರೆಂದು ಘೋಷಿಸಿ, ಅವರು ಬಾಯಿ ತೆರೆಯುವ ಮೊದಲೇ ಬಿಸಿಬೇಳೆ ಭಾತ್ ಬಡಿಸಿಬಿಡುತ್ತಿದ್ದೆವು. ಇಲ್ಲಿ ಹಾಗಲ್ಲ. ನಿಜಕ್ಕೂ ಗೆಲ್ಲಬೇಕೆಂಬ ಆಸೆಯಿದ್ದ ಇಬ್ಬರು ನಿಂತಿದ್ದರು.

ಒಬ್ಬರು ಒಟಿಯೆನೊ, ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಮಾಲೀಕರು. ನನ್ನ ಹಳೆಯ ಕಾರು ಓಡುತ್ತಿದ್ದದ್ದು ಪೆಟ್ರೋಲಿನಿಂದಲ್ಲ, ಅವರ ಕರುಣೆಯಿಂದ. ಒಂದು ದಿನ ಕಾರಿನ ಅಡಿಯಿಂದಲೇ ಅವರ ದನಿ ಬಂತು: “ಮ್ವಾಲಿಮು, ನಿಮ್ಮ ವೋಟು ನನಗೇ ತಾನೇ?” ಮ್ವಾಲಿಮು ಎಂದರೆ ಮೇಷ್ಟ್ರು. ನಮ್ಮ ಕಾರ್ಬ್ಯುರೇಟರು ಕೈಯಲ್ಲಿರುವ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? “ಅದನ್ನೂ ಕೇಳಬೇಕೇ?” ಎಂದೆ.

ಇನ್ನೊಬ್ಬರು ಮಾಮಾ ವಂಬುಯಿ. ಅಲ್ಲಿ ಮಾಮಾ ಎಂದರೆ ಮಾವನಲ್ಲ, ಅಮ್ಮ. ಸರೋಜಳ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಹಿರಿಯ ನರ್ಸಾಗಿದ್ದು ನಿವೃತ್ತರಾದವರು. ಅದೇ ಸಂಜೆ ಬಿಸಿ ಮಂದಾಜಿ, ಅಂದರೆ ನಮ್ಮ ಮಂಗಳೂರು ಬನ್ಸಿನ ಆಫ್ರಿಕದ ತಂಗಿ, ಒಂದು ಬುಟ್ಟಿ ತುಂಬ ಹಿಡಿದು ಮನೆಗೆ ಬಂದರು. “ಮ್ವಾಲಿಮು, ನಿನ್ನ ಮಗಳನ್ನ ಮೊದಲು ಎತ್ಕೊಂಡಿದ್ದು ನಾನು, ನೀನಲ್ಲ. ನೀನು ಕಾರಿಡಾರಲ್ಲಿ ತಲೆ ತಿರುಗಿ ಬಿದ್ದಿದ್ದೆ. ನೆನಪಿದೆಯಾ?” ನೆನಪಿತ್ತು. ಬಾಯಲ್ಲಿ ಮಂದಾಜಿಯೂ ಇತ್ತು. ತಲೆಯಾಡಿಸಿದೆ.

ಅವರು ಹೋದ ಮೇಲೆ ಸರೋಜ ಕೇಳಿದಳು: “ರೀ, ಬೆಳಿಗ್ಗೆ ಒಟಿಯೆನೊಗೂ ಮಾತು ಕೊಟ್ರಂತೆ?”

“ಗುಪ್ತ ಮತದಾನ ಕಣೇ. ಪೆಟ್ಟಿಗೇಲಿ ಏನ್ ಹಾಕಿದೆ ಅಂತ ಯಾರಿಗ್ ಗೊತ್ತಾಗತ್ತೆ?”

ಅವಳು ಕಂಪೌಂಡರಿಗೆ ಔಷಧಿ ಹೇಳುವಷ್ಟೇ ಶಾಂತವಾಗಿ ಹೇಳಿದಳು: “ಪೆಟ್ಟಿಗೆ ಇಲ್ಲ. ಈ ಸಲ ಮ್ಲೊಲೊಂಗೊ. ಯಾರಿಗೆ ವೋಟೋ ಅವರ ಹಿಂದೆ ಸಾಲಾಗಿ ನಿಲ್ಲೋದು. ಎಲ್ಲರೆದುರಿಗೆ. ತಲೆ ಎಣಿಸ್ತಾರೆ.”

ನಾನು ಕೈಯಲ್ಲಿದ್ದ ಮಂದಾಜಿಯನ್ನು ಮತ್ತೆ ಬುಟ್ಟಿಗೆ ಹಾಕಿದೆ. ಚುನಾವಣೆಯ ದಿನ, ಶನಿವಾರ ಬೆಳಿಗ್ಗೆ, ನನಗೆ ಜ್ವರ ಬಂತು. ಡಾಕ್ಟರನ್ನು ಮದುವೆಯಾದವರಿಗೆ ಈ ಸೌಕರ್ಯವಿಲ್ಲ. ಅವಳು ಥರ್ಮಾಮೀಟರ್ ನೋಡಿ, “ನನಗಿಂತ ಆರೋಗ್ಯವಾಗಿದ್ದೀರಿ, ಶೂ ಹಾಕ್ಕೊಳ್ಳಿ” ಎಂದಳು.

ಮೈದಾನದಲ್ಲಿ ಜಾತ್ರೆಯ ಸಂಭ್ರಮ. ಈ ಗೋಲಿನ ಕಂಬದ ಬಳಿ ಒಟಿಯೆನೊ ಇಸ್ತ್ರಿ ಮಾಡಿದ ಕೋಟಿನಲ್ಲಿ. ಆ ಗೋಲಿನ ಕಂಬದ ಬಳಿ ಮಾಮಾ ವಂಬುಯಿ ಹೂವಿನ ಚಿತ್ತಾರದ ಬಟ್ಟೆಯಲ್ಲಿ. ಹೆಂಗಸರು ಹಾಡುತ್ತಿದ್ದರು. ಸರೋಜ ಹಿಂದೆ ಮುಂದೆ ನೋಡದೆ ಮಾಮಾನ ಸಾಲಿಗೆ ಹೋಗಿ ನಿಂತಳು. ಒಟಿಯೆನೊ ನನ್ನತ್ತ ಕೈ ಬೀಸಿದರು. ಮಾಮಾ ಕೂಡ ಬೀಸಿದರು. ನಾನು ಇಬ್ಬರಿಗೂ ಕೈ ಬೀಸಿ, ಮೈದಾನದ ನಟ್ಟನಡುವೆ ಕುಳಿತು ಶೂ ಲೇಸು ಬಿಚ್ಚಿ ಕಟ್ಟತೊಡಗಿದೆ. ಎರಡೂ ಕಾಲಿನದನ್ನು, ಎರಡೆರಡು ಸಲ.

ಎದ್ದು ನಿಂತಾಗ ಹಿಂದೆ ಯಾರೋ ನಿಂತಿದ್ದರು. ನಮ್ಮ ಪಕ್ಕದ ಮನೆಯ ಡಿಸೋಜಾ, ಮಂಗಳೂರಿನವರು, ಸಿಟಿಯ ಬ್ಯಾಂಕೊಂದರಲ್ಲಿ ಅಧಿಕಾರಿ.

“ಎಂತ ಮಾರಾಯ್ರೆ, ಇದು ಯಾರ ಲೈನು?”

“ಯಾರದ್ದೂ ಅಲ್ಲ. ಸುಮ್ನೆ ನಿಂತಿದೀನಿ.”

“ಹಾಗಾದ್ರೆ ನಾನೂ ಇಲ್ಲೇ ನಿಲ್ತೇನೆ. ನಂಗೂ ಇಬ್ರೂ ಬೇಕಾದವ್ರೇ.”

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ಡಿಸೋಜಾರ ಹಿಂದೆ ಒಬ್ಬ ಕಟುಕರ ಅಂಗಡಿಯವನು ನಿಂತ. ಅವನ ಹಿಂದೆ ಮದುವೆಗೆ ಬಂದವರ ಹಾಗೆ ಇಡೀ ಒಂದು ಸಂಸಾರ. ಒಟಿಯೆನೊ ಕಾರು ರಿಪೇರಿ ಮಾಡಿಕೊಟ್ಟ, ಮಾಮಾ ಹೆರಿಗೆ ಮಾಡಿಸಿದ ದಾಕ್ಷಿಣ್ಯದ ಜನ ಸೌತ್ ಸಿ ತುಂಬ ಇದ್ದರು. ಅವರೆಲ್ಲ ಒಂದು ನಾಯಕತ್ವಕ್ಕಾಗಿ ಕಾಯುತ್ತಿದ್ದರೆಂದು ನನಗೆ ತಿಳಿದಿರಲಿಲ್ಲ. ಬೇಲಿಯಾಚೆ ನಿಂತಿದ್ದ ನನ್ನ ಹತ್ತು ವರ್ಷದ ಮಗಳು ಕೂಗಿದಳು: “ಡ್ಯಾಡಿ, ಯು ಆರ್ ಡೂಯಿಂಗ್ ವೆರಿ ವೆಲ್!”

ಚುನಾವಣಾ ಅಧಿಕಾರಿ ಕೋಲು ಹಿಡಿದು ಎಣಿಸುತ್ತ ಬಂದರು. ಒಟಿಯೆನೊ ಹಿಂದೆ ಅರವತ್ತನಾಲ್ಕು. ಮಾಮಾನ ಹಿಂದೆ ಐವತ್ತೆಂಟು. ನನ್ನ ಮುಂದೆ ನಿಂತು, “ಅಭ್ಯರ್ಥಿಯ ಹೆಸರು?” ಎಂದು ಕೇಳಿದರು.

“ನಾನು ಅಭ್ಯರ್ಥಿ ಅಲ್ಲ ಸಾರ್.”

“ಮತ್ತೆ ನಿಮ್ಮ ಹಿಂದೆ ಹತ್ತೊಂಬತ್ತು ಜನ ಯಾಕಿದ್ದಾರೆ?”

“ಅದನ್ನ ಅವರನ್ನೇ ಕೇಳಬೇಕು ಸಾರ್” ಎಂದೆ. ಅಧಿಕಾರಿ ಗಡಿಯಾರ ನೋಡಿ, ಯಾವುದಾದರೊಂದು ಸಾಲು ಸೇರಲು ಐದು ನಿಮಿಷ ಕೊಟ್ಟರು. ನಾನು ಹಿಂದಕ್ಕೆ ತಿರುಗಿ, “ನಿಮಗೆ ಬೇಕಾದ ಕಡೆ ಹೋಗಿ” ಎಂದೆ. ಡಿಸೋಜಾ ಎಲ್ಲರ ಪರವಾಗಿ ಹೇಳಿದರು: “ನೀವು ಹೋದಲ್ಲಿ ನಾವು.”

ಆರು ಮತಗಳ ಅಂತರ, ನನ್ನ ಬಳಿ ಇಪ್ಪತ್ತು ಮತ. ಲೆಕ್ಕ ಬಿಡಿಸಲು ಗಣಿತದ ಮೇಷ್ಟ್ರೇ ಬೇಕಾಗಿರಲಿಲ್ಲ. ಆಗ ಮೊದಲ ಬಾರಿ ನಾನು ನಿಜವಾಗಿ ಯೋಚಿಸಿದೆ. ಒಟಿಯೆನೊ ಒಳ್ಳೆಯ ಮನುಷ್ಯ, ಆದರೆ ಕಂದಾಯದ ಮಾತು ಬಂದಾಗಲೆಲ್ಲ ಗ್ಯಾರೇಜಿನಲ್ಲೇ ಗುಡುಗಿ ಅಲ್ಲೇ ತಣ್ಣಗಾಗುವವರು. ಮಾಮಾ ಯಾವ ಹುದ್ದೆಯೂ ಇಲ್ಲದೆ ನಾಲ್ಕು ಸಲ ನಗರಾಡಳಿತದ ಕಚೇರಿಗೆ ಹೋಗಿ, ಸಾಹೇಬರು ಹೊರಬರುವವರೆಗೆ ಬೆಂಚಿನ ಮೇಲೆ ಸ್ವೆಟರ್ ಹೆಣೆಯುತ್ತ ಕೂತು ಬಂದಿದ್ದರು. ಕಸದ ಲಾರಿ ಆ ವರ್ಷ ಬಂದದ್ದೂ ನಾಲ್ಕೇ ಸಲ.

ನಾನು ಮೊದಲು ಒಟಿಯೆನೊ ಬಳಿಗೆ ನಡೆದೆ. ನನ್ನ ಸಾಲೂ ನಡೆಯಿತು. ಅವರ ಬೆಂಬಲಿಗರು ಚಪ್ಪಾಳೆ ತಟ್ಟಿದರು. “ಕ್ಷಮಿಸಿ, ನಿಮಗೆ ಮಾತು ಕೊಟ್ಟಿದ್ದೆ. ಅವರಿಗೂ ಕೊಟ್ಟಿದ್ದೆ. ನನ್ನ ವೋಟು ಅವರಿಗೆ.”

ಒಟಿಯೆನೊ ನನ್ನನ್ನು ದಿಟ್ಟಿಸಿದರು. ಆಮೇಲೆ ಕೋಟಿನ ಗುಂಡಿ ಹಾರುವಂತೆ ನಕ್ಕರು. “ಮ್ವಾಲಿಮು, ನೀವಾದ್ರೂ ಬಂದು ಹೇಳಿದ್ರಿ. ಅಲ್ಲಿ ನೋಡಿ, ಮಾಮಾನ ಸಾಲಲ್ಲಿ ಮೂರನೆಯವಳು, ಹಸಿರು ಸ್ಕಾರ್ಫು. ನನ್ನ ಹೆಂಡತಿ! ಬೆಳಿಗ್ಗೆ ಚಹಾ ಕೊಟ್ಟು, ದೇವರು ಒಳ್ಳೇದು ಮಾಡ್ಲಿ ಅಂತ ಹೇಳಿ ಅಲ್ಲಿ ಹೋಗಿ ನಿಂತಿದಾಳೆ.”

ಮಾಮಾ ಗೆದ್ದರು. ಒಟಿಯೆನೊ ತಮ್ಮ ಮೆರವಣಿಗೆಗೆಂದು ತೊಳೆದಿಟ್ಟಿದ್ದ ಪಿಕಪ್ಪಿನಲ್ಲಿ ಅವರನ್ನೇ ಕೂರಿಸಿ, ತಾವೇ ಓಡಿಸಿದರು. ಹಿಂದೆ ಇಡೀ ಬೀದಿ ಕುಣಿಯಿತು. ನಾನೂ ಕುಣಿದೆ, ಮಗಳು ಆ ದಿನದ ಮಟ್ಟಿಗೆ ನನ್ನ ಪರಿಚಯವೇ ಇಲ್ಲವೆಂದಳು.

ಒಂದು ಮಾತೂ ಆಡದೆ ಹತ್ತೊಂಬತ್ತು ಜನರನ್ನು ಸೇರಿಸಿದವನು ಬಾಯಿಬಿಟ್ಟರೆ ಇನ್ನೇನು ಮಾಡಿಯಾನು ಎಂದು ಮಾಮಾ ನನ್ನನ್ನು ಶಾಖೆಯ ಕಾರ್ಯದರ್ಶಿ ಮಾಡಿದರು. ಇಬ್ಬರೂ ಕಮಿಷನರ ಕಚೇರಿಗೆ ಹೋದೆವು. ಅವರು ಸ್ವೆಟರ್ ಹೆಣೆದರು, ನಾನು ಉಲ್ಲನ್ ಉಂಡೆ ಹಿಡಿದುಕೊಂಡಿದ್ದೆ. ಮೂರನೆಯ ದಿನಕ್ಕೆ ಸಾಹೇಬರು ಸೋತರು. ಕಂದಾಯ ಇಳಿಯಲಿಲ್ಲ, ಆದರೆ ವಾರಕ್ಕೊಮ್ಮೆ ಲಾರಿ ಬರುವುದೆಂದು ಲಿಖಿತವಾಗಿ ಸಿಕ್ಕಿತು. ಒಂದೇ ಷರತ್ತು: ಮನೆಮನೆಗೂ ನಿಲ್ಲುವುದಿಲ್ಲ, ಬೀದಿಯ ಕಸವನ್ನೆಲ್ಲ ಒಂದು ಕಡೆ ಸೇರಿಸಿಡಬೇಕು. ಜಾಗ ಗೊತ್ತುಮಾಡಲು ಸಮಿತಿ ಸೇರಿತು. ಕಾರ್ಯದರ್ಶಿಯ ಗೇಟಿನ ಮುಂದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆ ಸಲ ಯಾರೂ ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ. ಅಂದಿನಿಂದ ಹೊಸಬರು ಸೌತ್ ಸಿಯಲ್ಲಿ ನನ್ನ ಮನೆ ಹುಡುಕಿಕೊಂಡು ಬಂದರೆ ಜನ ನಂಬರು ಹೇಳುತ್ತಿರಲಿಲ್ಲ. ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದರಲ್ಲಿ ದಾರಿ ತೋರಿಸುತ್ತಿದ್ದರು.