ಪರೀಕ್ಷೆಯ ಭಯಕ್ಕೆ ನಾನು ಕೊಟ್ಟ ಮದ್ದು

ಬೇರೆಯವರಿಗೆ ಧೈರ್ಯ ಹೇಳುವುದರಲ್ಲಿ ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ. ನನ್ನ ಕಾಲಿಗೆ ಜಿಗಣೆ ಹತ್ತಿದರೆ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತೇನೆ, ಅದೇ ಜಿಗಣೆ ಪಕ್ಕದವರ ಕಾಲಿಗೆ ಹತ್ತಿದರೆ, "ಅಯ್ಯೋ, ಅದೇನು ಹುಲಿಯೇನ್ರೀ?" ಎಂದು ನಗುತ್ತೇನೆ. ನನ್ನ ಹೆಂಡತಿಯಂತೂ, "ನೀವು ಧೈರ್ಯ ಹೇಳೋಕೆ ಬಂದ್ಮೇಲೇ ನಂಗೆ ಭಯ ಶುರುವಾಗೋದು ಕಣ್ರೀ" ಎನ್ನುತ್ತಾಳೆ. ಆ ಮಾತನ್ನು ನಾನು ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳುವ ಗತಿ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಹಾನುಬಾಳಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಹತ್ತನೇ ತರಗತಿಯಲ್ಲಿ ಸುಮಿತ್ರಾ ಎಂಬ ಹುಡುಗಿಯಿದ್ದಳು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಂಜಪ್ಪನವರ ಮಗಳು. ಬೋರ್ಡಿನ ಮುಂದೆ ನಿಲ್ಲಿಸಿದರೆ ಹೂ ಕಟ್ಟಿದಷ್ಟು ಸಲೀಸಾಗಿ ಲೆಕ್ಕ ಬಿಡಿಸುತ್ತಿದ್ದಳು. ಪರೀಕ್ಷೆ ಎಂದರೆ ಮಾತ್ರ ಕೈಕಾಲು ತಣ್ಣಗೆ. ಉತ್ತರಪತ್ರಿಕೆ ನೋಡಿದರೆ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ: ಸರಿಯಾಗಿ ಸಾಗಿದ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿ, ಮೇಲಿಂದ ಕೆಳಗೆ ಗೀಟು ಎಳೆದು ಹೊಡೆದುಹಾಕಿರುತ್ತಿದ್ದಳು. ಅರ್ಧವಾರ್ಷಿಕದ ಗಣಿತದಲ್ಲಿ ನಪಾಸಾದಳು. ಮಂಜಪ್ಪ ಶಾಲೆಗೇ ಬಂದರು.

"ಮನೇಲಿ ಎಲ್ಲಾ ಬತ್ತೈತೆ ಮೇಷ್ಟ್ರೇ, ಇಲ್ಲಿ ಬಂದ್ರೆ ಅದೇನಾಗ್ತೈತೋ ಕಾಣೆ. ನರ್ಸ್ ಆಗ್ತೀನಿ ಅಂತಾಳೆ. ಪಬ್ಲಿಕ್ ಪರೀಕ್ಷೇಲೂ ಹಿಂಗೇ ಆದ್ರೆ ಓದು ಸಾಕು, ಸ್ಟೋರ್‌ನಲ್ಲಿ ಕಾಫಿಬೀಜ ಆರಿಸೋಕೆ ಕಳಿಸ್ಬುಡ್ತೀನಿ" ಎಂದರು. ಬಾಗಿಲ ಹಿಂದೆ ನಿಂತಿದ್ದ ಸುಮಿತ್ರಾ ಲಂಗದ ಅಂಚು ತಿರುಚುತ್ತ ತುಟಿ ಕಚ್ಚಿಕೊಂಡಿದ್ದಳು. "ಇವಳ ಭಯ ಬಿಡಿಸೋದು ನನಗೆ ಬಿಡಿ" ಎಂದು ಎದೆ ತಟ್ಟಿಕೊಂಡುಬಿಟ್ಟೆ.

ಮೊದಲ ಮದ್ದು ದೀರ್ಘ ಉಸಿರಾಟ. ಯಾವುದೋ ತರಬೇತಿಯಲ್ಲಿ ಊಟಕ್ಕೆ ಮುಂಚೆ ಹೇಳಿಕೊಟ್ಟದ್ದರಿಂದ ನೆನಪಿತ್ತು. ಊಟದ ಮೇಲೆ ಹೇಳಿಕೊಟ್ಟದ್ದು ಒಂದೂ ನೆನಪಿಲ್ಲ. ಕಿರುಪರೀಕ್ಷೆಯ ದಿನ, "ಎಲ್ಲರೂ ಕಣ್ಣು ಮುಚ್ಚಿ, ಹೊಟ್ಟೆ ತುಂಬ ಗಾಳಿ ಎಳ್ಕೊಳ್ಳಿ" ಎಂದೆ. ಅದು ಕಾಫಿಹಣ್ಣು ಕೊಯ್ಯುವ ಕಾಲ. ಶಾಲೆಯ ಹಿಂದಿನ ತೋಟದಲ್ಲಿ ಹಣ್ಣು ಸುಲಿಯುವ ಪಲ್ಪರ್ ಓಡುತ್ತಿತ್ತು. ಕೊಳೆತ ಸಿಪ್ಪೆಯ ನಾತವನ್ನು ಇಡೀ ತರಗತಿ ಒಟ್ಟಿಗೇ ಎಳೆದುಕೊಂಡು ಒಟ್ಟಿಗೇ ಕೆಮ್ಮಿತು. ಎರಡನೆಯ ಮದ್ದು ಬೆಲ್ಲ. ಬಾಯಿ ಒಣಗದಿರಲಿ ಎಂದು ತಲೆಗೊಂದು ಚೂರು ಹಂಚಿದೆ. ಅಂಟುಗೈಯಲ್ಲಿ ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದುವ ಮೊದಲೇ ಇರುವೆಗಳು ತಿದ್ದಿದವು.

ಸಾಲದ್ದಕ್ಕೆ, ಪರೀಕ್ಷೆ ನಡೆಯುವಾಗ ಕುರ್ಚಿಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಡೆಸ್ಕುಗಳ ನಡುವೆ ಓಡಾಡುತ್ತ, ಚೆನ್ನಾಗಿ ಬರೆಯುವವರ ಹಿಂದೆ ಒಂದು ಗಳಿಗೆ ನಿಂತು ಅವರ ಲೆಕ್ಕ ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತಿದ್ದೆ. ಸುಮಿತ್ರಾಳ ಹಿಂದೆ ಎರಡು ಗಳಿಗೆ. ಇಷ್ಟೆಲ್ಲ ಆದರೂ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಗೀಟು, ಅದೇ ನಪಾಸು.

ಪಬ್ಲಿಕ್ ಪರೀಕ್ಷೆ ಸಕಲೇಶಪುರದ ಕೇಂದ್ರದಲ್ಲಿ. ಒಳಗೆ ಬೇರೆ ಶಾಲೆಯ ಮೇಷ್ಟ್ರು, ನಮಗೆ ಪ್ರವೇಶವಿಲ್ಲ. ಬೆಲ್ಲದ ಪೊಟ್ಟಣ ಹಿಡಿದು ಗೇಟಿನ ಹೊರಗೆ ಮೂರು ಗಂಟೆ ನಿಂತೆ. ನಾನಿಲ್ಲದೆ ಆ ಮಗು ಏನು ಪಾಡು ಪಡುತ್ತಿದೆಯೋ ಎಂದು ಅರ್ಧ ಬೆಲ್ಲ ನಾನೇ ತಿಂದು ಮುಗಿಸಿದೆ.

ಫಲಿತಾಂಶ ಬಂತು. ಗಣಿತದಲ್ಲಿ ಎಂಬತ್ತೊಂದು! ನಾನು ನೆಲದ ಮೇಲಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದೆ. ಸಂಜೆ ಅಪ್ಪ ಮಗಳು ಬಾಳೆಹಣ್ಣಿನ ಚಿಪ್ಪು ಹಿಡಿದು ಮನೆಗೆ ಬಂದರು. ಹೆಂಡತಿಗೂ ಕೇಳಿಸಲಿ ಎಂದು ದನಿ ಎತ್ತರಿಸಿ, "ನಿಜ ಹೇಳಮ್ಮ, ಯಾವ ಮದ್ದು ಕೆಲಸ ಮಾಡ್ತು? ಉಸಿರೋ, ಬೆಲ್ಲವೋ?" ಎಂದು ಕೇಳಿದೆ.

ಅವಳು ಅಪ್ಪನ ಮುಖ ನೋಡಿದಳು, ನೆಲ ನೋಡಿದಳು. "ಅಲ್ಲಿ ನೀವಿರ್ಲಿಲ್ವಲ್ಲ ಸಾ" ಎಂದಳು.

"ಲೇ, ಮೇಷ್ಟ್ರಿಗೆ ಹಂಗೆಲ್ಲಾ ಅಂತಾರೇನೇ!" ಎಂದು ಮಂಜಪ್ಪ ಗದರಿದರು.

"ಹಂಗಲ್ಲಪ್ಪಾ. ಸಾರು ಓಡಾಡ್ತಾ ಓಡಾಡ್ತಾ ನನ್ನ ಹಿಂದೆ ಬಂದು ನಿಂತ್ಬುಡೋರು. ಏನೋ ತಪ್ಪು ಮಾಡಿವ್ನಿ, ಅದ್ಕೇ ನಿಂತವ್ರೆ ಅಂತ ಹೊಡೆದಾಕ್ಬುಡ್ತಿದ್ದೆ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. "ಸರಿಯಾಗಿ ಬರೀತಿದ್ದೀಯಲ್ಲಾ ಅಂತ ಖುಷಿಗೆ ನಿಂತಿದ್ದೆ ಕಣಮ್ಮ" ಎಂದೆ.

"ಹಂಗಂತ ಒಂದ್ಸಲ ಬಾಯ್ಬುಟ್ಟು ಹೇಳ್ಬಾರ್ದಿತ್ತಾ ಸಾ?" ಎಂದು ಅವಳು ನಕ್ಕಳು. ಪರೀಕ್ಷೆಯ ವರ್ಷವಿಡೀ ಆ ಹುಡುಗಿ ನನ್ನ ಮುಂದೆ ಹಾಗೆ ನಕ್ಕದ್ದೇ ಇಲ್ಲ. ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ಅಂದಿನಿಂದ ನಿವೃತ್ತಿಯಾಗುವ ತನಕ ಪರೀಕ್ಷೆಯ ಹೊತ್ತಿನಲ್ಲಿ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸುಲಭವಾಗಿತ್ತು ಎಂದುಕೊಳ್ಳಬೇಡಿ. ಯಾವ ಮಗುವಾದರೂ ತಲೆ ಬಗ್ಗಿಸಿ ಸರಸರ ಲೆಕ್ಕ ಮಾಡತೊಡಗಿದರೆ ಸಾಕು, ಹೋಗಿ ಹಿಂದೆ ನಿಲ್ಲಲು ಕಾಲು ತುಡಿಯುತ್ತಿದ್ದವು. ಆಗೆಲ್ಲ ಕಣ್ಣು ಮುಚ್ಚಿ, ಪಲ್ಪರಿನ ನಾತವನ್ನೂ ಲೆಕ್ಕಿಸದೆ ಹೊಟ್ಟೆ ತುಂಬ ಗಾಳಿ ಎಳೆದುಕೊಂಡು, ಬಾಯಿಗೊಂದು ಚೂರು ಬೆಲ್ಲ ಹಾಕಿಕೊಳ್ಳುತ್ತಿದ್ದೆ. ಮಕ್ಕಳ ಮಾತು ಬಿಡಿ, ನನಗಂತೂ ಆ ಮದ್ದು ಚೆನ್ನಾಗಿಯೇ ನಾಟಿತು.